ಕೆಸರಾಗದ ಮುಚ್ಚಳ

ಕಾರು ಚರಂಡಿಗೆ ಮೂತಿ ಊರಿ ನಿಂತಿತ್ತು. ಬೆನ್ನ ಮೇಲೆ ಡ್ರೈವಿಂಗ್ ಶಾಲೆಯ ಕೆಂಪು ಫಲಕ: ‘ಕಲಿಯುವವರಿದ್ದಾರೆ, ದೂರವಿರಿ.’ ಎಡಗಡೆಯ ಮುಂದಿನ ಚಕ್ರದಲ್ಲಿ ಗಾಳಿಯೇ ಇರಲಿಲ್ಲ.

ಇನ್ಸ್‌ಪೆಕ್ಟರಮ್ಮ ಬರುವ ಹೊತ್ತಿಗೆ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದ್ದರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮೇಷ್ಟ್ರು. ಇನ್ಸ್‌ಪೆಕ್ಟರಮ್ಮನಿಗೂ ಅವರೇ ಕಲಿಸಿದ್ದು. ತಲೆಗೆ ಬಲವಾದ ಪೆಟ್ಟು, ಎಚ್ಚರ ತಪ್ಪಿತ್ತು. ಕಾರು ಓಡಿಸುತ್ತಿದ್ದವಳು ಅವರ ಮಗಳು. ಅವಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಸ್ಥಳದಲ್ಲಿ ಉಳಿದಿದ್ದವನು ಮೇಷ್ಟ್ರ ತಮ್ಮ, ಅದೇ ಶಾಲೆಯಲ್ಲಿ ಕಲಿಸುವವನು. ಸ್ಕೂಟರಿನಲ್ಲಿ ಹಿಂದೆಯೇ ಬರುತ್ತಿದ್ದವನು ಇಬ್ಬರನ್ನೂ ಹೊರಗೆಳೆದು ಆಂಬುಲೆನ್ಸ್ ಕರೆಸಿದ್ದ. ನೆರೆದವರೆಲ್ಲ ಅವನನ್ನು ಹೊಗಳಿದ್ದೇ ಹೊಗಳಿದ್ದು. ಹುಡುಗಿಯ ಡ್ರೈವಿಂಗ್ ಬಗ್ಗೆ ಮಾತ್ರ ಒಬ್ಬೊಬ್ಬರದೂ ಒಂದೊಂದು ಟೀಕೆ.

"ಈ ಚಕ್ರಕ್ಕೆ ನಿನ್ನೆ ತಾನೇ ಪಂಕ್ಚರ್ ಹಾಕಿಸಿದ್ವಿ ಮೇಡಂ," ಎಂದ ತಮ್ಮ. "ಟೈರ್ ಅಂಗಡಿಯವನು ಕೈಕೊಟ್ಟ."

ಇನ್ಸ್‌ಪೆಕ್ಟರಮ್ಮ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಟೈರಿನ ಮೇಲೆ ಕೆಸರು. ರಿಮ್ಮಿನ ಮೇಲೆ ಕೆಸರು. ಗಾಳಿ ತುಂಬುವ ವಾಲ್ವ್ ಕೂಡ ಕೆಸರಲ್ಲಿ ಮಿಂದಿತ್ತು. ಅದರ ತುದಿಯ ಪುಟ್ಟ ಕಪ್ಪು ಮುಚ್ಚಳದ ಮೇಲೆ ಮಾತ್ರ ಒಂದು ಹನಿಯೂ ಇರಲಿಲ್ಲ.

ಅವರು ಚಕ್ರ ಬಿಚ್ಚಿಸಿಕೊಂಡು ಹೊರಟರು.

* * *

ಟೈರ್ ಅಂಗಡಿಯವನ ಮುಖ ಬಿಳಿಚಿಕೊಂಡಿತ್ತು.

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮೇಡಂ. ಕೆಲಸ ಸರಿಯಾಗೇ ಮಾಡಿದ್ದೀನಿ."

"ಮಾಡಿದ್ರೆ ಭಯ ಯಾಕೆ? ಗಾಳಿ ತುಂಬಿ ನೀರಿಗೆ ಹಾಕಿ."

ತೊಟ್ಟಿಯ ನೀರಿನಲ್ಲಿ ಚಕ್ರ ಸುತ್ತಿತು. ಪ್ಯಾಚಿನ ಬಳಿ ಒಂದು ಗುಳ್ಳೆಯೂ ಏಳಲಿಲ್ಲ. ವಾಲ್ವ್ ಬಾಯಲ್ಲೂ ಇಲ್ಲ. ಅಂಗಡಿಯವನು ಉಸಿರುಬಿಟ್ಟ. ಇನ್ಸ್‌ಪೆಕ್ಟರಮ್ಮನ ತಲೆಬಿಸಿ ಈಗ ಶುರುವಾಯಿತು. ತೂತಿಲ್ಲದ ಟೈರಿನಿಂದ ಗಾಳಿ ತಾನಾಗಿ ಹೋಗುವುದಿಲ್ಲ. ಯಾರಾದರೂ ಮೊದಲೇ ಗಾಳಿ ಬಿಟ್ಟಿದ್ದರೆ ಕಾರು ಮನೆ ಮುಂದೆಯೇ ಕುಸಿದಿರಬೇಕಿತ್ತು.

ಮೇಷ್ಟ್ರು ಕಲಿಸಿದ್ದು ನೆನಪಾಯಿತು. "ಗಾಳಿ ತಡೆಯೋದು ಒಳಗಿನ ಪಿನ್ನು ಕಣಮ್ಮ. ಮುಚ್ಚಳ ಇರೋದು ಆ ಪಿನ್ನಿಗೆ ಧೂಳು, ನೀರು ಸೇರದ ಹಾಗೆ ಕಾಯೋಕೆ. ಒಂದು ಕಲ್ಲಿನ ಚೂರು ಪಿನ್ನನ್ನ ಒತ್ತಿಹಿಡಿದ್ರೆ ಸಾಕು, ಗಾಳಿ ಸೋರಿ ಹೋಗುತ್ತೆ."

ಆಗ ಈ ಪಾಠಕ್ಕೆ ಆಕಳಿಸಿದ್ದರು. ಈಗ ನಾಚಿಕೆಯಾಯಿತು.

* * *

ಆಸ್ಪತ್ರೆಯ ಬೆಂಚಿನ ಮೇಲೆ ಮಗಳು ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

"ಎಲ್ಲಾ ನನ್ನಿಂದ್ಲೇ ಮೇಡಂ. ತಿರುವಲ್ಲಿ ಸ್ಟೀರಿಂಗ್ ಎಡಕ್ಕೆ ಎಳೀತು, ಹಿಡಿಯೋಕಾಗ್ಲಿಲ್ಲ. ಇನ್ನು ಜನ್ಮದಲ್ಲಿ ಗಾಡಿ ಮುಟ್ಟಲ್ಲ."

"ಎಲ್ಲಿಗೆ ಹೊರಟಿದ್ರಿ?"

"ಪರೀಕ್ಷೆಗೆ. ಡ್ರೈವಿಂಗ್ ಕಲಿಸೋಕೆ ಲೈಸೆನ್ಸ್ ಬೇಕಲ್ಲ. ಇವತ್ತು ಪಾಸಾಗಿದ್ರೆ ಶಾಲೆ ನನಗೇ ವಹಿಸ್ತೀನಿ ಅಂದಿದ್ರು ಅಪ್ಪ."

"ಹೊರಡೋ ಮುಂಚೆ ಗಾಡಿ ಸುತ್ತ ಒಂದು ಸುತ್ತು ಬರಬೇಕು, ಮುಚ್ಚಳ ಮುಟ್ಟಿ ನೋಡಬೇಕು. ಮೇಷ್ಟ್ರ ನಿಯಮ ಅಲ್ವಾ?"

"ಹೌದು. ಇವತ್ತು ಚಿಕ್ಕಪ್ಪನೇ ‘ನಾನು ನೋಡಿದ್ದೀನಿ, ಹೊತ್ತಾಯ್ತು ಹೊರಡಿ’ ಅಂದ್ರು."

"ದಾರೀಲಿ ಬೇರೇನಾದ್ರೂ ಆಯ್ತಾ?"

"ಹಿಂದಿನಿಂದ ಯಾರೋ ಒಂದೇ ಸಮನೆ ಹಾರ್ನ್ ಹೊಡೀತಿದ್ರು. ಗಾಬರಿಯಾಗಿ ಇನ್ನೂ ಜೋರಾಗಿ ಓಡಿಸಿಬಿಟ್ಟೆ."

ಇನ್ಸ್‌ಪೆಕ್ಟರಮ್ಮನ ಮನಸ್ಸು ಭಾರವಾಯಿತು. ಅವರು ಮೆಟ್ಟಿಲಿಳಿದು ಅಂಗಳಕ್ಕೆ ಬಂದರು.

* * *

ಚಿಕ್ಕಪ್ಪನ ಸ್ಕೂಟರ್ ಅಲ್ಲೇ ನಿಂತಿತ್ತು. ಪಕ್ಕದಲ್ಲಿ ಅವನೂ ಇದ್ದ. ಮುಂದಿನ ಚಕ್ರದ ತುಂಬ ಧೂಳು. ವಾಲ್ವ್ ಬೋಳಾಗಿತ್ತು.

"ಇದರ ಮುಚ್ಚಳ ಎಲ್ಲಿ?"

"ಅದು ಬಿದ್ದುಹೋಗಿ ಎಷ್ಟೋ ತಿಂಗಳಾಯ್ತು ಮೇಡಂ."

ಇನ್ಸ್‌ಪೆಕ್ಟರಮ್ಮ ಕರವಸ್ತ್ರದ ತುದಿಯನ್ನು ಹುರಿಮಾಡಿ ವಾಲ್ವ್ ಬಾಯೊಳಗೆ ತಿರುಗಿಸಿದರು. ಹೊರತೆಗೆದು ತೋರಿಸಿದರು. ಬಟ್ಟೆ ಬೆಳ್ಳಗೇ ಇತ್ತು.

"ತಿಂಗಳುಗಟ್ಟಲೆ ಮುಚ್ಚಳವಿಲ್ಲದ ಬಾಯಿ ಇಷ್ಟು ಶುದ್ಧವಾಗಿರುತ್ತಾ? ಇಲ್ಲಿದ್ದ ಮುಚ್ಚಳ ಇವತ್ತು ಕಾರಿನ ಚಕ್ರದಲ್ಲಿದೆ. ಕಾರು ಚರಂಡಿಗೆ ಬಿದ್ದ ಮೇಲೆ ಹಾಕಿದ್ದು, ಅದಕ್ಕೇ ಕೆಸರಾಗಿಲ್ಲ. ಒಳಗೆ ಕಲ್ಲಿನ ಚೂರಿಟ್ಟು ಗಾಳಿ ಸೋರಿಸಿದ ಆ ಮೊದಲಿನ ಮುಚ್ಚಳ ಎಲ್ಲಿ?"

ಅವನು ಅಂಗಿಯ ಜೇಬಿಗೆ ಕೈಹಾಕಿ, ಕೆಸರು ಒಣಗಿದ ಒಂದು ಮುಚ್ಚಳ ತೆಗೆದ. ಒಳಗೆ ಸಣ್ಣ ಕಲ್ಲಿನ ಚೂರು ಕಚ್ಚಿಕೊಂಡಿತ್ತು.

"ತಲೆ ನರೆಯೋವರೆಗೂ ಪಕ್ಕದ ಸೀಟಲ್ಲಿ ಕೂತು ಕಲಿಸಿದೆ ಮೇಡಂ. ಶಾಲೆ ಯಾರಿಗೆ ಅನ್ನೋವಾಗ ಅಣ್ಣ ನನ್ನನ್ನ ಒಂದು ಮಾತೂ ಕೇಳಲಿಲ್ಲ. ದಾರೀಲಿ ಚಕ್ರ ಕೂತ್ರೆ ಸ್ಟೆಪ್ನಿ ಬದಲಾಯಿಸೋಷ್ಟರಲ್ಲಿ ಪರೀಕ್ಷೆ ತಪ್ಪುತ್ತೆ ಅಂದ್ಕೊಂಡೆ. ಅಷ್ಟೇ. ಅವರು ಹೊರಟ ಮೇಲೆ ಜೀವ ತಡೀಲಿಲ್ಲ. ನಿಲ್ಲಿಸೋಣ ಅಂತ ಹಾರ್ನ್ ಹೊಡ್ಕೊಂಡು ಬಂದೆ."

"ಆ ಮುಚ್ಚಳ ತೆಗೆದು ವಾಲ್ವ್ ಬೋಳಾಗಿ ಬಿಟ್ಟಿದ್ರೆ ನನಗೂ ಅನುಮಾನ ಬರ್ತಿರಲಿಲ್ಲ. ಇನ್ನೊಂದು ಯಾಕೆ ಹಾಕಿದ್ರಿ?"

"ಕೈಯೇ ಹಾಕಿಬಿಡ್ತು ಮೇಡಂ. ಬರೀ ವಾಲ್ವ್ ಬಿಟ್ಟು ಬಂದ್ರೆ ಅಣ್ಣ ಬೈತಾನೆ ಅಂತ ಅಭ್ಯಾಸ ಆಗಿಹೋಗಿದೆ."

ಬೆನ್ನ ಹಿಂದೆ ಮಗಳು ನಿಂತಿದ್ದಳು. ಯಾವಾಗ ಇಳಿದು ಬಂದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಬಾಯಿಬಿಟ್ಟು ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ನಲ್ಲ ಚಿಕ್ಕಪ್ಪ," ಎಂದಳು.

"ನಿನ್ನ ಕೈಯಲ್ಲಿ ತಪ್ಪಿರಲಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. "ಪರೀಕ್ಷೆ ಮತ್ತೆ ಬರುತ್ತೆ. ಹೋಗಬೇಕು."

ಅಷ್ಟರಲ್ಲಿ ನರ್ಸ್ ಕೂಗಿ ಕರೆದಳು. ಮೇಷ್ಟ್ರು ಕಣ್ಣು ಬಿಟ್ಟಿದ್ದರು.

ಮಗಳು ಓಡಿದಳು. ಇನ್ಸ್‌ಪೆಕ್ಟರಮ್ಮ ಚಿಕ್ಕಪ್ಪನ ತೋಳು ಹಿಡಿದು, ಬಾಗಿಲ ತನಕ ಬರಲು ಬಿಟ್ಟರು. ಅದು ಕಾನೂನಿನಲ್ಲಿಲ್ಲ, ಆದರೂ ಬಿಟ್ಟರು.

ಮೇಷ್ಟ್ರ ದನಿ ಕ್ಷೀಣವಾಗಿತ್ತು. "ಗಾಡಿ ಸುತ್ತ... ನೋಡಿದ್ಯಾ ಮಗಳೇ?"

ಮಗಳು ತಡವರಿಸಿದಳು. "ಇಲ್ಲಪ್ಪ. ಚಿಕ್ಕಪ್ಪ ನೋಡಿದ್ರು."

"ಅವನು ನೋಡಿದ್ರೆ ಸರಿ ಬಿಡು," ಎಂದು ಮೇಷ್ಟ್ರು ನೆಮ್ಮದಿಯಿಂದ ಮತ್ತೆ ಕಣ್ಣು ಮುಚ್ಚಿದರು.

ಬಾಗಿಲ ಹೊರಗೆ ತಮ್ಮ ಗೋಡೆಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ.