ಮರುನೋಟ ಯಂತ್ರ ಮತ್ತು ಪೂರ್ವದಿಗಂತದ ರಸಿಕರು

ಮರುನೋಟ ಯಂತ್ರದ ಕುರ್ಚಿಯಲ್ಲಿ ಕುಳಿತ ಶ್ರೀವತ್ಸ ಕಳಲೆಯವರು ಮೊದಲು ಮಾಡಿದ ಕೆಲಸವೆಂದರೆ ಯಂತ್ರ ಕಂಡುಹಿಡಿದವಳಿಗೇ ಬುದ್ಧಿ ಹೇಳಿದ್ದು.

"ನೋಡಮ್ಮ, ಇದು ಎಲ್ಲರೂ ನೋಡೋ ಥರದ ಸಿನಿಮಾ ಅಲ್ಲ. ಕಪ್ಪುಬಿಳುಪು ಅಂದ್ರೆ ಬರೀ ಕಪ್ಪು, ಬರೀ ಬಿಳುಪಲ್ಲ. ಮಧ್ಯೆ ಎಷ್ಟು ಥರದ ಬೂದು ಇದೆ ಗೊತ್ತಾ? ನಿಮ್ಮ ಮಿಷನ್ನು ಅಷ್ಟು ಸೂಕ್ಷ್ಮ ಹಿಡಿಯುತ್ತೋ ಇಲ್ವೋ, ನನಗೆ ಅನುಮಾನ."

"ನಿಮ್ಮ ತಲೇಲಿ ಎಷ್ಟಿದೆಯೋ ಅಷ್ಟು ಹಿಡಿಯುತ್ತೆ ಸಾರ್," ಎನ್ನುತ್ತ ಡಾ. ಇಂಚರಾ ಶ್ರೀವತ್ಸರ ಬೋಳುತಲೆಯ ಮೇಲೆ ಸಂವೇದಕಗಳ ಟೊಪ್ಪಿಗೆಯನ್ನು ಸರಿಮಾಡಿದಳು. ಶ್ರೀವತ್ಸರು ಇದನ್ನು ಹೊಗಳಿಕೆಯೆಂದೇ ತಿಳಿದು ಕಣ್ಣು ಮುಚ್ಚಿದರು. ಕಿವಿಯೊಳಗೆ ಹಳೆಯ ಜಪಾನಿ ಚಿತ್ರವೊಂದರ ಧ್ವನಿ ಹರಿಯತೊಡಗಿತು. ಮೊದಲು ಗಾಳಿ, ಆಮೇಲೆ ಮರಳನ್ನು ಕೆರೆಯುವ ಸದ್ದು, ಅದರ ಹಿಂದೆ ಒಬ್ಬ ಹೆಂಗಸಿನ ಮಾತು. ಎದುರಿಗಿದ್ದ ಪರದೆ ಮಿನುಗಿತು.

ಅದು 2058ರ ಮೈಸೂರು. ಇಂಚರಾ ಮರುನೋಟವನ್ನು ಕಂಡುಹಿಡಿದು ನಾಲ್ಕು ವರ್ಷವಾಗಿತ್ತು. ತೀರಿಹೋದ ಗಂಡನ ನಗು, ಕೆಡವಿಹಾಕಿದ ಬೀದಿ, ಎಂದೋ ಕಳೆದುಹೋದ ನಾಯಿ, ಇಂಥವನ್ನು ಕಂಡವರ ನೆನಪಿನೊಳಗಿಂದ ಎತ್ತಿ ಪರದೆಗೆ ತರುವುದು ಅದರ ಕೆಲಸ. ನಾವು ಕಂಡದ್ದೆಲ್ಲ ತಲೆಯ ಹಿಂಭಾಗದ ದೃಷ್ಟಿಕೇಂದ್ರದಲ್ಲಿ, ನರಕೋಶಗಳ ಹೆಣಿಗೆಯಲ್ಲಿ, ಸಣ್ಣದೊಂದು ಗುರುತು ಬಿಟ್ಟುಹೋಗುತ್ತದೆ. ಅಂದು ಕೇಳಿದ ಸದ್ದನ್ನೇ ಮತ್ತೆ ಕೇಳಿಸಿದರೆ ಆ ಗುರುತು ಅಲುಗುತ್ತದೆ. ಅಲುಗಿದಾಗ ಹುಟ್ಟುವ ಕ್ಷೀಣ ವಿದ್ಯುತ್ತನ್ನು ಟೊಪ್ಪಿಗೆ ಹಿಡಿಯುತ್ತದೆ, ಗಣಕ ಅದನ್ನು ಚಿತ್ರವಾಗಿಸುತ್ತದೆ.

ಆದರೆ ಒಂದು ತೊಡಕಿತ್ತು. ಕಣ್ಣಿನ ಒಳಪರದೆಯಲ್ಲಿ ಸಾಸಿವೆಕಾಳಿನಷ್ಟು ಜಾಗಕ್ಕೆ ಮಾತ್ರ ಸ್ಪಷ್ಟವಾಗಿ ಕಾಣುವ ಶಕ್ತಿಯಿದೆ, ಉಳಿದದ್ದೆಲ್ಲ ಮಸುಕು. ಹಾಗಾಗಿ ದೃಷ್ಟಿಯನ್ನು ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಯದು ಮಾತ್ರ ಯಂತ್ರಕ್ಕೆ ಸಿಗುತ್ತಿತ್ತು. ಸಿಗದ್ದನ್ನು ಊಹಿಸಿ ತುಂಬಿಕೊಡುವ ಯಂತ್ರಗಳು ಆ ಕಾಲಕ್ಕೆ ಬೀದಿಗೊಂದಿದ್ದವು. ಸತ್ತ ಅಜ್ಜಿಗೆ ಯಾವುದೋ ನಟಿಯ ಮೂಗು ಅಂಟಿಸಿ ಕೊಡುತ್ತಿದ್ದವು, ಮೊಮ್ಮಕ್ಕಳು ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು. ಇಂಚರಾಳಿಗೆ ಅದನ್ನು ಕಂಡರೆ ಹೇಸಿಗೆ. ಅವಳ ಯಂತ್ರ ಕಾಣದ್ದನ್ನು ಕಪ್ಪಾಗಿಯೇ ಬಿಡುತ್ತಿತ್ತು. ಈ ಪ್ರಾಮಾಣಿಕತೆಯಿಂದಾಗಿ ಗಿರಾಕಿಗಳೂ ಕಡಿಮೆಯೇ.

ಶ್ರೀವತ್ಸರು ಪೂರ್ವದಿಗಂತ ಚಿತ್ರಕೂಟದ ಅಧ್ಯಕ್ಷರು. ಜಪಾನಿ ಸಿನಿಮಾವನ್ನು ಪ್ರೀತಿಸುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ, ಅವರ ಬಗ್ಗೆ ನನ್ನ ತಕರಾರಿಲ್ಲ. ಈ ಕೂಟದವರು ಪ್ರೀತಿಸುತ್ತಿದ್ದದ್ದು ಬೇರೆ ಯಾರಿಗೂ ಸಿಗದ ಜಪಾನಿ ಸಿನಿಮಾವನ್ನು. ಸುಲಭವಾಗಿ ಸಿಗುವ ಚಿತ್ರದ ಹೆಸರೆತ್ತಿದರೆ ಇವರಿಗೆ ಮೈಲಿಗೆಯಾದಂತಾಗುತ್ತಿತ್ತು. ಯಾರಾದರೂ ಹೊಸಬರು ಬಂದು, ಇಂಥ ಚಿತ್ರ ನೋಡಿದೆ, ಬಹಳ ಹಿಡಿಸಿತು ಎಂದರೆ, "ಓ, ಅದಾ" ಎಂದು ಮೂಗಿನಲ್ಲಿ ನಕ್ಕು, ಅದೇ ನಿರ್ದೇಶಕನ ಯಾರೂ ನೋಡದ ಇನ್ನೊಂದು ಚಿತ್ರದ ಹೆಸರು ಹೇಳುತ್ತಿದ್ದರು. ಹೊಸಬರು ಎರಡನೇ ಸಲ ಬರುತ್ತಿರಲಿಲ್ಲ. ಹೀಗಾಗಿ ಕೂಟ ಆರು ಜನಕ್ಕೆ ನಿಂತಿತ್ತು.

ಕೂಟಕ್ಕೆ ಒಂದು ಶಾಸ್ತ್ರವಿತ್ತು, ಅದಕ್ಕೆ 'ಒಪ್ಪಿಸುವುದು' ಎನ್ನುತ್ತಿದ್ದರು. ಪ್ರದರ್ಶನ ಮುಗಿದ ಮೇಲೆ ಪ್ರತಿಯೊಬ್ಬರೂ ಚಿತ್ರದ ಒಂದು ಮಾತನ್ನು, ಪರದೆಯ ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ಲಿನಲ್ಲಿ ಬಂದ ಹಾಗೆಯೇ, ಒಂದು ಪದವೂ ತಪ್ಪದೆ ಒಪ್ಪಿಸಬೇಕು. ತಪ್ಪಿದವರಿಗೆ ಅಂದಿನ ಚರ್ಚೆಯಲ್ಲಿ ಬಾಯಿ ತೆರೆಯುವ ಹಕ್ಕಿಲ್ಲ. ಒಬ್ಬರು ಒಪ್ಪಿಸಿದ್ದನ್ನು ಇನ್ನೊಬ್ಬರು ಒಪ್ಪಿಸುವ ಹಾಗೂ ಇಲ್ಲ. ಆದ್ದರಿಂದ ಎಲ್ಲರೂ ಹತ್ತಾರು ಮಾತುಗಳನ್ನು ಕಂಠಪಾಠ ಮಾಡಿಟ್ಟುಕೊಳ್ಳಬೇಕಿತ್ತು. ಬಾಯಿ ತೆರೆಯದೆ ಒಂದು ಸಂಜೆ ಕೂರುವುದೆಂದರೆ ಇವರಲ್ಲಿ ಪ್ರತಿಯೊಬ್ಬರಿಗೂ ಪ್ರಾಣಸಂಕಟ.

'ಉಪ್ಪಿನ ದಂಡೆ' ಎಂಬ ಚಿತ್ರವನ್ನು ಇವರು ಹನ್ನೊಂದು ವರ್ಷ ಬೆನ್ನಟ್ಟಿದ್ದರು. ಜಪಾನಿನಲ್ಲಿ ಬಿಡುಗಡೆಯೇ ಆಗದ ಚಿತ್ರ ಅದು, ನಿರ್ದೇಶಕ ಅದೊಂದನ್ನು ಮಾಡಿ ಸತ್ತಿದ್ದ. ಉಳಿದಿದ್ದದ್ದು ಒಂದೇ ಪ್ರತಿ, ಒಬ್ಬ ಮುದಿ ಸಂಗ್ರಾಹಕನ ಮನೆಯಲ್ಲಿ. ಕೊಚ್ಚಿಯ ಕೂಟದವರೂ ಅದರ ಹಿಂದೆ ಬಿದ್ದಿದ್ದರು. 2029ರಲ್ಲಿ ಅದು ಮೈಸೂರಿನವರ ಪಾಲಾದಾಗ ಚಿತ್ರ ಸಿಕ್ಕಿದ ಸಂತೋಷಕ್ಕಿಂತ ಕೊಚ್ಚಿಯವರಿಗೆ ಸಿಗಲಿಲ್ಲವೆಂಬ ಸಂತೋಷವೇ ಹೆಚ್ಚಾಯಿತು. ಬೇಕಿದ್ದರೆ ನಕಲು ಮಾಡಿಕೊಳ್ಳಿ ಎಂದು ಆ ಪುಣ್ಯಾತ್ಮ ಸಂಗ್ರಾಹಕ ತಾನಾಗಿಯೇ ಹೇಳಿ ಕಳಿಸಿದ್ದ. ಇವರು ಒಂದು ಸಲ ಹಾಕಿ ನೋಡಿದರು, ಒಪ್ಪಿಸಿದರು, ಚರ್ಚಿಸಿದರು. ನಕಲು ಮಾತ್ರ ಮಾಡಲಿಲ್ಲ. ನಕಲಾದರೆ ನಾಲ್ಕು ಜನ ನೋಡುತ್ತಾರಲ್ಲ. ಪ್ರತಿಯನ್ನು ಶ್ರೀವತ್ಸರ ಮನೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾಯಿಗೆ ತೆಂಗಿನಕಾಯಿ ಸಿಕ್ಕಿದ ಹಾಗೆ, ತಾವೂ ಮತ್ತೆ ನೋಡಲಿಲ್ಲ, ಬೇರೆಯವರಿಗೂ ಬಿಡಲಿಲ್ಲ. ಹಳೆಯ ಫಿಲ್ಮು ಸೆಖೆಗೆ ಹುಳಿಹಿಡಿಯುತ್ತದೆ, ವಿನೆಗರಿನಂತೆ ನಾರುತ್ತ ಸುರುಟಿಕೊಳ್ಳುತ್ತದೆ. ಮೂರು ಬೇಸಿಗೆ ಕಳೆದು ಬೀರು ತೆಗೆದಾಗ ಒಳಗಿದ್ದದ್ದು ಕಂದು ಬಣ್ಣದ ಗಟ್ಟಿ ಮುದ್ದೆ.

ಅವರು ಅತ್ತರೆಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಜಗತ್ತಿನಲ್ಲಿ ಈ ಚಿತ್ರ ನೋಡಿದವರು ಉಳಿದಿರುವುದು ನಾವು ಆರೇ ಜನ ಎಂದು ಕೂಟದ ಜಾಲತಾಣದಲ್ಲಿ ದೊಡ್ಡಕ್ಷರದಲ್ಲಿ ಹಾಕಿಕೊಂಡರು. ಮುಂದಿನ ಕಾಲು ಶತಮಾನ ಅದೇ ಅವರ ಬಂಡವಾಳವಾಯಿತು.

ಆ ದೊಡ್ಡಕ್ಷರವನ್ನು ಕಂಡೇ ಕುರಿಹಾರ ಸಯೋ ಎಂಬ ಹೆಂಗಸು ಜಪಾನಿನಿಂದ ಬಂದಿದ್ದಳು. ಎಪ್ಪತ್ತು ಸಮೀಪಿಸಿದ ವಯಸ್ಸು, ಸಣ್ಣ ಆಳು. ಆಕೆಯ ಎದೆಯ ಮೇಲೆ ಅಂಗೈಯಗಲದ ಅನುವಾದಪಟ್ಟಿಯೊಂದು ತೂಗುತ್ತಿತ್ತು. ಆಕೆ ಜಪಾನಿಯಲ್ಲಿ ಆಡಿದ್ದು ಅದರ ಮೇಲೆ ಕನ್ನಡದ ಅಕ್ಷರಗಳಾಗಿ ಮೂಡುತ್ತಿತ್ತು, ಎದುರಿನವರ ಕನ್ನಡ ಆಕೆಯ ಕಿವಿಯಲ್ಲಿ ಜಪಾನಿಯಾಗುತ್ತಿತ್ತು. 'ಉಪ್ಪಿನ ದಂಡೆ'ಯಲ್ಲಿ ಉಪ್ಪು ಕೆರೆಯುವ ಹೆಂಗಸಾಗಿ ಅಭಿನಯಿಸಿದವಳು ಆಕೆಯ ತಾಯಿ. ಚಿತ್ರ ಮುಗಿದ ಮರುವರ್ಷ ಮನೆಗೆ ಬೆಂಕಿ ಬಿದ್ದು ತಾಯಿ ಸತ್ತಿದ್ದಳು, ಇದ್ದಬದ್ದ ಫೋಟೋಗಳೂ ಸುಟ್ಟಿದ್ದವು. ತೊಟ್ಟಿಲ ಕೂಸಾಗಿದ್ದ ಸಯೋಳನ್ನು ಯಾರೋ ಹೊರಗೆ ತಂದಿದ್ದರು. ಚಿತ್ರದ ಧ್ವನಿಸುರುಳಿ ಮಾತ್ರ ಒಂದು ಉಗ್ರಾಣದಲ್ಲಿ ಸಿಕ್ಕಿತ್ತು, ಅದನ್ನು ಆಕೆ ಜೊತೆಗೇ ತಂದಿದ್ದಳು.

"ಸಿನಿಮಾ ಪೂರ್ತಿ ಬೇಕಿಲ್ಲ. ಅಮ್ಮನ ದನಿ ಬೇಕಾದಷ್ಟು ಸಲ ಕೇಳಿದ್ದೇನೆ. ಮುಖವನ್ನು ಒಂದೇ ಒಂದು ಸಲ ನೋಡಬೇಕು," ಎಂದು ಪಟ್ಟಿ ತೋರಿಸಿತು.

ಇಂಚರಾ ಒಪ್ಪಿಕೊಂಡಳು. ಕಂಡವರು ಆರು ಜನರಿದ್ದಾರೆ, ಧ್ವನಿಯೂ ಇದೆ, ಇನ್ನೇನು ಬೇಕು ಎಂದು ಅವಳ ಎಣಿಕೆ.

ಈಗ ಪರದೆ ಮಿನುಗಿತು ಎಂದೆನಲ್ಲ, ಅದರ ಮೇಲೆ ಮೂಡಿದ್ದು ಇಷ್ಟು. ಮೇಲಿನ ಮುಕ್ಕಾಲು ಭಾಗ ಕಗ್ಗತ್ತಲು. ಕೆಳಗಿನ ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳ ಸಾಲು, ಕೆತ್ತಿದಷ್ಟು ಸ್ಪಷ್ಟ. ಅಕ್ಷರಗಳ ಸಂದಿಯಲ್ಲಿ ಒಂದಿಷ್ಟು ಮರಳು, ಒಂದು ಲಂಗದ ಅಂಚು, ಬರಿಗಾಲು. ಸಾಲು ಹೋಗಿ ಮುಂದಿನ ಸಾಲು ಬರುವವರೆಗೆ ಕಣ್ಣು ಅಲ್ಲೇ ಕಾದು ಕುಳಿತಿತ್ತು.

ಟೊಪ್ಪಿಗೆ ಜರುಗಿರಬೇಕೆಂದು ಇಂಚರಾ ಮತ್ತೆ ಕೂರಿಸಿದಳು. ಅದೇ ಬಂತು. ಕೂಟದ ರೇಷ್ಮಾ ಬೋಪಯ್ಯ ಎಂಬ ನಿವೃತ್ತ ಪ್ರೊಫೆಸರರನ್ನು ಕೂರಿಸಿದಳು. 'ಉಪ್ಪಿನ ದಂಡೆಯ ದೃಶ್ಯಭಾಷೆ' ಎಂಬ ವಿಷಯದ ಮೇಲೆ ಈಕೆ ಊರೂರು ತಿರುಗಿ ಭಾಷಣ ಮಾಡಿದವರು. ಅವರ ತಲೆಯಿಂದ ಅಕ್ಷರಗಳು ಇನ್ನೂ ಚೊಕ್ಕವಾಗಿ ಬಂದವು, ಬರಿಗಾಲು ಸಹ ಸರಿಯಾಗಿ ಬರಲಿಲ್ಲ. ಉಳಿದ ನಾಲ್ವರದೂ ಅದೇ ಕಥೆ.

ಯಂತ್ರದ ತಪ್ಪೋ ಏನೋ ಎಂದು ಇಂಚರಾ ಬೇರೆ ಊರಿನ ಸಾಮಾನ್ಯ ಪ್ರೇಕ್ಷಕರನ್ನು ಕರೆಸಿ, ಅವರು ಎಂದೋ ನೋಡಿದ ಪರಭಾಷೆಯ ಚಿತ್ರಗಳಿಂದ ಪರೀಕ್ಷಿಸಿದಳು. ಅವರ ಕಣ್ಣು ಸಾಲನ್ನು ಥಟ್ಟನೆ ಓದಿ ಮುಖಕ್ಕೆ ಮರಳುತ್ತಿತ್ತು. ಮುಖಗಳು ಚೆನ್ನಾಗಿಯೇ ಸಿಕ್ಕವು. ಯಂತ್ರ ಸರಿಯಾಗಿತ್ತು. ರಸಿಕರು ಅಂದು ಸಿನಿಮಾಕ್ಕೆ ಹೋಗಿರಲಿಲ್ಲ, ಪರೀಕ್ಷೆಗೆ ಹೋಗಿದ್ದರು.

ಆರು ನೆನಪುಗಳನ್ನು ಹೊಲಿದು ಜೋಡಿಸಿದ್ದನ್ನು ಅವಳು ಮೊದಲು ಶ್ರೀವತ್ಸರಿಗೆ ತೋರಿಸಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರೂ ಯಂತ್ರವನ್ನೇ ದೂರಿದರು. ಆಮೇಲೆ ದನಿ ತಗ್ಗಿಸಿ, "ಒಂದು ಕೆಲಸ ಮಾಡಮ್ಮ. ಕಪ್ಪಗಿರೋ ಕಡೆ ಯಾವುದಾದ್ರೂ ಒಂದು ಜಪಾನಿ ಮುಖ ಹಾಕಿ ತುಂಬಿಸಿಬಿಡು. ಆ ಬೂದು ಹೇಗಿರಬೇಕು ಅಂತ ನಾನು ಹೇಳಿಕೊಡ್ತೀನಿ," ಎಂದರು.

"ಅವರಿಗೆ ಬೇಕಾಗಿರೋದು ಅವರಮ್ಮನ ಮುಖ ಸಾರ್."

"ಅವರಮ್ಮನ್ನ ಅವರೇ ನೋಡಿಲ್ವಲ್ಲ. ಹೇಗೆ ಗೊತ್ತಾಗುತ್ತೆ? ಇಷ್ಟು ವರ್ಷದಿಂದ ನಾವು ನೋಡಿದೀವಿ ಅಂತ ಹೇಳ್ಕೊಂಡು ಬಂದಿದೀವಿ, ಈಗ ಆಕೆ ಬರೀ ಕಾಲು ನೋಡ್ಕೊಂಡು ಹೋದ್ರೆ ಕೂಟದ ಗತಿ ಏನು?"

ನಿಜ ಹೇಳಬೇಕೆಂದರೆ ಇಂಚರಾಳ ಮನಸ್ಸೂ ಒಂದು ಗಳಿಗೆ ಅಲುಗಿತ್ತು. ಸುಳ್ಳು ಮುಖ ಕೊಟ್ಟರೆ ಆ ಮುದುಕಿ ಸಂತೋಷದಿಂದ ಊರಿಗೆ ಹೋಗುತ್ತಾಳೆ. ಆದರೆ ಉಳಿದ ಆಯುಷ್ಯವೆಲ್ಲ ಯಾರೋ ಅಪರಿಚಿತಳ ಮುಖ ನೆನೆದು ಅಮ್ಮಾ ಎನ್ನುತ್ತಾಳೆ.

"ಯಾರನ್ನೋ ತಂದು ತಾಯಿ ಅಂತ ತೋರಿಸೋ ಕೆಲಸ ನಾನು ಮಾಡಲ್ಲ," ಎಂದಳು. "ನಾಳೆ ಬನ್ನಿ, ಎಲ್ಲರೂ ಬನ್ನಿ. ಆಕೆ ಎದುರಿಗೇ ತೋರಿಸ್ತೀನಿ."

ಆರೂ ಜನ ಬಂದರು. ಬರದಿದ್ದರೆ ಚರ್ಚೆ ತಪ್ಪಿಹೋಗುತ್ತದಲ್ಲ. ಸಯೋ ಮುಂದಿನ ಸಾಲಿನಲ್ಲಿ ಒಬ್ಬಳೇ ಕುಳಿತಳು. ಕತ್ತಲ ಪರದೆಯ ಕೆಳಗಂಚಿನಲ್ಲಿ ಎರಡು ಪಾದಗಳು ಉಪ್ಪುಮರಳಿನ ಮೇಲೆ ನಡೆದವು. ಹಿಮ್ಮಡಿ ಒಡೆದ, ಗಟ್ಟಿಮುಟ್ಟಾದ ಪಾದಗಳು. ಒಮ್ಮೆ ಬುಟ್ಟಿ ಇಳಿಸಲು ಬಗ್ಗಿದಾಗ ಬೆರಳ ತುದಿಗಳು ಬಂದವು, ಮೇಲೆದ್ದಾಗ ಹೋದವು. ಬಗ್ಗಿದವಳು ಇನ್ನೊಂದಿಷ್ಟು ಬಗ್ಗಿದ್ದರೆ ಮುಖವೇ ಸಿಗುತ್ತಿತ್ತೋ ಏನೋ. ಸಯೋ ಕಣ್ಣು ತೆಗೆಯದೆ ಕೊನೆಯವರೆಗೂ ನೋಡಿದಳು. ಹಿಂದಿನ ಸಾಲಿನಲ್ಲಿ ಶ್ರೀವತ್ಸರು ರೇಷ್ಮಾರ ಕಿವಿಯಲ್ಲಿ, "ಸಂಭಾಷಣೆ ಒಂದಕ್ಷರ ಬಿಡದೆ ಸಿಕ್ಕಿದೆ ನೋಡಿ, ಅದು ನಮ್ಮ ಸಾಧನೆ," ಎನ್ನುತ್ತಿದ್ದರು.

ದೀಪ ಹತ್ತಿತು. ಸಯೋ ಎದ್ದು ಅವರ ಕಡೆ ತಿರುಗಿ ನಿಂತಳು. ಆಕೆಯ ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. ಅಕ್ಷರಗಳು ಎದೆಯ ಪಟ್ಟಿಯ ಮೇಲೆ ಒಂದೊಂದಾಗಿ ಮೂಡಿದವು:

"ಯಂತ್ರಕ್ಕೆ ಸಿಗದಿದ್ದರೆ ಚಿಂತೆಯಿಲ್ಲ. ನೀವು ಆಕೆಯನ್ನು ಕಂಡವರು. ದಯವಿಟ್ಟು ನನ್ನ ಮುಖ ನೋಡಿ ಹೇಳಿ, ಆಕೆ ನನ್ನ ಹಾಗಿದ್ದಳೇ?"

ಆರು ಜೊತೆ ಕಣ್ಣುಗಳು ಪಟ್ಟಿಯ ಮೇಲಿದ್ದವು. ಎಲ್ಲರೂ ಕೊನೆಯ ಪ್ರಶ್ನಾರ್ಥಕದವರೆಗೆ ಓದಿದರು. ಶ್ರೀವತ್ಸರ ತುಟಿ ಸಣ್ಣಗೆ ಅಲುಗುತ್ತಿತ್ತು, ಮಾತು ಒಳ್ಳೆಯದಿತ್ತು, ಮುಂದೆ ಎಲ್ಲಾದರೂ ಒಪ್ಪಿಸಬಹುದಿತ್ತು. ಓದಿ ಮುಗಿದ ಮೇಲೂ ಅವರ ದೃಷ್ಟಿ ಅಲ್ಲೇ ನಿಂತು ಮುಂದಿನ ಸಾಲಿಗೆ ಕಾಯುತ್ತಿತ್ತು.

ಇಂಚರಾ ಇದನ್ನು ನೋಡಿದಳು. ಸಯೋ ಕೂಡ ನೋಡಿದಳು.

"ಹೋಲಿಕೆ ಅನ್ನೋದು ಬಹಳ ಸಂಕೀರ್ಣವಾದ ವಿಷಯ ತಾಯಿ," ಎಂದು ಶ್ರೀವತ್ಸರು ಗಂಟಲು ಸರಿಮಾಡಿಕೊಂಡರು. "ಆ ನಿರ್ದೇಶಕರು ಮುಖವನ್ನ ಒಂದು ಮುಖ ಅಂತ ಯಾವತ್ತೂ ನೋಡ್ತಾನೇ ಇರ್ಲಿಲ್ಲ..."

ಸಯೋ ಕೈಯೆತ್ತಿ ಪಟ್ಟಿಯನ್ನು ಆರಿಸಿದಳು. ಓದಲು ಏನೂ ಇಲ್ಲದಾದಾಗ ಆರೂ ಜನ ಬೇರೆ ದಾರಿ ಕಾಣದೆ ತಲೆಯೆತ್ತಿ ಮೊದಲ ಸಲ ಆಕೆಯ ಮುಖ ನೋಡಿದರು. ಆಕೆ ನಿಧಾನವಾಗಿ, ಒಬ್ಬೊಬ್ಬರನ್ನೇ ನೋಡುತ್ತ, ಜಪಾನಿಯಲ್ಲಿ ನಾಲ್ಕು ಮಾತಾಡಿದಳು. ಆಮೇಲೆ ಇಂಚರಾಳಿಗೆ ಬಗ್ಗಿ ವಂದಿಸಿ ಹೊರಟುಹೋದಳು.

"ಏನಂದ್ರು?" ಎಂದು ರೇಷ್ಮಾ ಕೇಳಿದರು.

ಯಾರಿಗೂ ಗೊತ್ತಿರಲಿಲ್ಲ. ನಲವತ್ತು ವರ್ಷ ಜಪಾನಿ ಸಿನಿಮಾವನ್ನೇ ಉಸಿರಾಡಿದೆವೆನ್ನುವ ಆ ಆರು ಜನರಲ್ಲಿ ಒಬ್ಬರಿಗೂ ಜಪಾನಿ ಬರುತ್ತಿರಲಿಲ್ಲ.

'ಉಪ್ಪಿನ ದಂಡೆ' ಮೈಸೂರಿನಲ್ಲಿ ಪ್ರದರ್ಶನವಾದದ್ದು 2029ರ ಒಂದು ಭಾನುವಾರ. ನೀವು ಇದನ್ನು ಓದುವ ಹೊತ್ತಿಗೆ ಆ ಭಾನುವಾರ ಬಹುಶಃ ಇನ್ನೂ ಬಂದಿಲ್ಲ. ಆ ಆರು ಜನ ಈಗ ಎಲ್ಲೋ ಕೂತು, ಇದನ್ನು ನೋಡಿದ್ದೀರಾ, ಅದನ್ನು ನೋಡಿದ್ದೀರಾ ಎಂದು ಒಬ್ಬರನ್ನೊಬ್ಬರು ಪರೀಕ್ಷಿಸುತ್ತಿರಬೇಕು. ಅಂದು ಅವರು ಹಾಕಲಿರುವ ಕುರ್ಚಿಗಳಲ್ಲಿ ಒಂದು ಖಾಲಿ ಉಳಿಯಲಿದೆ. ನಿಮ್ಮನ್ನು ನೋಡಿ ಮೂಗಿನಲ್ಲಿ ನಕ್ಕಾರು, ನಗಲಿ. ಹೋಗಿ ಕುಳಿತುಕೊಳ್ಳಿ. ಪರದೆಯ ಮೇಲೆ ಉಪ್ಪು ಕೆರೆಯುವವಳು ಏನು ಹೇಳುತ್ತಾಳೆಂಬುದು ಅರ್ಥವಾಗದೆ ಹೋದರೂ ಅಡ್ಡಿಯಿಲ್ಲ, ಆ ಹೆಂಗಸಿನ ಮುಖವನ್ನು ಒಂದು ಸಲ ನೋಡಿ ಬನ್ನಿ.