ಪ್ಲಾಸ್ಟರ್ ಹಿಂದಿನ ಗೋಡೆ

ಜೆಸಿಬಿಯ ಬಕೆಟ್ ಗೋಡೆಗೆ ಬಡಿದಾಗ ನನ್ನ ತಲೆ ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿತ್ತು.

ಧಡ್!

ಟ್ರೈಪಾಡ್ ಕುಣಿಯಿತು. ಅದನ್ನು ತಬ್ಬಿಕೊಂಡು ಬಗ್ಗಿದೆ. ಬೆನ್ನ ಮೇಲೆ ಪ್ಲಾಸ್ಟರ್ ಚಕ್ಕೆಗಳು ಸುರಿದವು. ಒಂದು ಕಿವಿಯ ಪಕ್ಕದಲ್ಲೇ ಹಾರಿ ಹೋಯಿತು... ಅರ್ಧ ಅಂಗುಲ ಈಚೆಗೆ ಬಂದಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ.

"ಪ್ರಿಯಾ! ಈಚೆ ಬಾರೇ ಮಾರಾಯ್ತಿ!" ಅಂಗಳದಿಂದ ಈಶ್ವರಮ್ಮನವರ ಕೂಗು.

ನಾನು ಕದಲಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನನ್ನ ಹೆಸರು ಪ್ರಿಯದರ್ಶಿನಿ. ಹಳೆಯ ಕಟ್ಟಡಗಳನ್ನು ಕೆಡವುವ ಮುಂಚೆ ಅವುಗಳ ಮೂಲೆ ಮೂಲೆಯ ಫೋಟೊ ತೆಗೆದು ದಾಖಲೆ ಮಾಡುವುದು ನನ್ನ ಕೆಲಸ. ಶಿವಮೊಗ್ಗದ ದುರ್ಗಿಗುಡಿಯ ಈ ಛತ್ರಕ್ಕೆ ನೂರಾ ಹತ್ತು ವರ್ಷ. ಬಿಲ್ಡರ್ ಸುದರ್ಶನ ಇಲ್ಲಿ ಮಾಲ್ ಕಟ್ಟುತ್ತಾನಂತೆ. ಕಟ್ಟಲಿ! ಆದರೆ ಪರವಾನಗಿಗೆ ಒಂದು ಷರತ್ತು. ಮೂಲ ಕಟ್ಟಡದಲ್ಲಿ ಬಾಡಿಗೆಗಿರುವವರಿಗೆ ಹೊಸದರಲ್ಲೂ ಜಾಗ ಕೊಡಬೇಕು. ಆಮೇಲೆ ಅಂಟಿಸಿದ ಶೆಡ್ಡಿನವರಿಗೆ ಏನೂ ಇಲ್ಲ. ಗಂಟುಮೂಟೆ ಕಟ್ಟಬೇಕು, ಅಷ್ಟೇ.

ಹಿಂದಿನ ಕೋಣೆಯಲ್ಲಿ ಈಶ್ವರಮ್ಮನವರ ಹೊಲಿಗೆ ಶಾಲೆ. ಇಪ್ಪತ್ತೆರಡು ವರ್ಷದ್ದು. ಹದಿನಾಲ್ಕು ಮಿಷನ್ನು.

"ಅದು ಶೆಡ್ಡು" ಅಂತ ಸುದರ್ಶನ. "ಮೂಲದ್ದು" ಅಂತ ಈಶ್ವರಮ್ಮ.

ಯಾರದ್ದು ಸರಿ ಅನ್ನುವುದಕ್ಕೆ ಉತ್ತರ ಗೋಡೆಯೊಳಗೇ ಇತ್ತು. ಛತ್ರದ ಗೋಡೆಯೂ ಕೋಣೆಯ ಗೋಡೆಯೂ ಸೇರುವ ಮೂಲೆಯಲ್ಲಿ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಂಡಿದ್ದರೆ ಎರಡೂ ಒಟ್ಟಿಗೇ ಎದ್ದವು. ಮೇಲಿಂದ ಕೆಳಗೆ ನೇರವಾಗಿ ಸಂದು ಬಿಟ್ಟಿದ್ದರೆ ಒಂದು ಆಮೇಲಿನದು. ನೋಡೋಣವೆಂದರೆ ಮೇಲೆ ಪ್ಲಾಸ್ಟರ್! ದಾಖಲೆ ಮಾಡುವವರು ಗೋಡೆಗೆ ಉಗುರೂ ತಾಗಿಸಕೂಡದು. ಅದು ನಮ್ಮ ಕಸುಬಿನ ಕಟ್ಟಳೆ.

ಸಂಜೆ ನಾಲ್ಕಕ್ಕೆ ಅಧಿಕಾರಿಯ ಮುಂದೆ ವಿಚಾರಣೆ. ನನ್ನ ಹತ್ತಿರ ಪುರಾವೆ ಸೊನ್ನೆ.

ಸುಮ್ಮನಿದ್ದಿದ್ದರೆ ಸುದರ್ಶನ ಗೆಲ್ಲುತ್ತಿದ್ದ. ಅವನಿಗೆ ಅವಸರ. ಕೋಣೆಯೇ ಇಲ್ಲದಿದ್ದರೆ ವಾದ ಎಲ್ಲಿಂದ ಬರುತ್ತೆ ಅಂದುಕೊಂಡ. ಬೆಳಗ್ಗೆ ಹತ್ತಕ್ಕೇ ಜೆಸಿಬಿ ನುಗ್ಗಿಸಿದ.

ಧೂಳು ಇಳಿಯಿತು. ಕಣ್ಣು ಬಿಟ್ಟು ನೋಡಿದೆ.

ಮೂಲೆಯ ಪ್ಲಾಸ್ಟರ್ ಪೂರ್ತಿ ಕಿತ್ತು ಬಿದ್ದಿತ್ತು. ಒಳಗೆ ಕೆಂಪು ಜಂಬಿಟ್ಟಿಗೆ ಕಲ್ಲು. ಒಂದು ಕಲ್ಲು ಈ ಗೋಡೆಯದು, ಅದರ ಮೇಲಿನದು ಆ ಗೋಡೆಯದು... ಜಡೆ ಹೆಣೆದ ಹಾಗೆ!

ಕೋಣೆ ಮಬ್ಬುಗತ್ತಲು. ಫೋಟೊಗೆ ಎಂಟು ಸೆಕೆಂಡು ಲೆನ್ಸ್ ಅಲುಗದೆ ತೆರೆದಿರಬೇಕು. ಹೊರಗೆ ಇಂಜಿನ್ನು, ಕಾಲಡಿಯ ನೆಲವೇ ನಡುಗುತ್ತಿತ್ತು. ಉಳಿದಿದ್ದದ್ದು ಅಂಗೈಯಗಲದ ಒಂದೇ ಫಿಲ್ಮು. ಫೋನಿನಲ್ಲಿ ತೆಗೆದರೆ? ಹೋದ ವಿಚಾರಣೆಯಲ್ಲಿ ನನ್ನ ಫೋನ್ ಫೋಟೊ ನೋಡಿ ಸುದರ್ಶನನ ವಕೀಲ "ಇದು ಎಐ ಮಾಡಿದ್ದು" ಅಂತ ನಕ್ಕಿದ್ದ. ನೆಗೆಟಿವ್ವೇ ಬೇಕು.

"ಏ ಮೇಡಂ! ಸಾಯೋಕ್ ಬಂದಿದೀರಾ?"

ಜೆಸಿಬಿ ಓಡಿಸುವ ಜಟ್ಟಪ್ಪ ಒಳಗೆ ಬಂದ. ಆರಡಿ ಆಳು. ಕೆನ್ನೆ ತುಂಬಾ ಮೀಸೆ.

"ಫೋಟೊ ತೆಗೀತಿದೀನಿ."

"ಈ ಮುರುಕು ಗೋಡೇದಾ? ನಡೀರಿ ಆಚೆ!"

ನನ್ನ ಅಜ್ಜಿಯ ಕತೆಗಳಲ್ಲಿ ರಾಕ್ಷಸನನ್ನು ಯಾರೂ ಹೊಡೆದು ಗೆಲ್ಲುವುದಿಲ್ಲ. ಹೊಗಳಿ ಗೆಲ್ಲುತ್ತಾರೆ.

"ನೀವೂ ನಿಂತ್ಕೊಳ್ರಿ ಜಟ್ಟಪ್ಪಾ. ಇಂಥಾ ಮೀಸೆ ಈ ಊರಲ್ಲಿ ಇನ್ನೆಲ್ಲಿದೆ?"

ಅವನ ಕೈ ತಾನಾಗಿ ಮೀಸೆಗೆ ಹೋಯಿತು.

"ನಿಜ್ವಾಗ್ಲೂ?"

"ಇಂಜಿನ್ ಆಫ್ ಮಾಡ್ಬೇಕು ಅಷ್ಟೇ. ನೆಲ ಅದುರಿದ್ರೆ ಮೀಸೆ ಮಸುಕಾಗುತ್ತೆ."

ಓಡಿದ! ಆಫ್ ಮಾಡಿದ. ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಒಡೆದ ಮೂಲೆಯ ಪಕ್ಕ ಎದೆ ಸೆಟೆಸಿ ನಿಂತ, ಮದುಮಗನ ಹಾಗೆ.

"ಎಂಟು ಸೆಕೆಂಡು. ಉಸಿರೂ ಬಿಡ್ಬೇಡಿ."

ಒಂದು... ಎರಡು... ಅಂಗಳದಲ್ಲಿ ಕಾರಿನ ಬಾಗಿಲು ಬಡಿಯಿತು. ನಾಲ್ಕು... ಬೂಟಿನ ಸಪ್ಪಳ. ಆರು... ಏಳು...

ಕ್ಲಿಕ್.

"ಜಟ್ಟಾ! ಯಾವನೋ ಇಂಜಿನ್ ಆಫ್ ಮಾಡು ಅಂದಿದ್ದು?"

ಸುದರ್ಶನ. ಬಿಳಿ ಅಂಗಿ, ಕಪ್ಪು ಕನ್ನಡಕ. ಗೋಡೆ ನೋಡಿದ. ಕ್ಯಾಮೆರಾ ನೋಡಿದ. ನನ್ನನ್ನು ನೋಡಿದ. ಅರ್ಥವಾಯಿತು ಅವನಿಗೆ.

"ಫಿಲ್ಮ್ ಕೊಡಮ್ಮಾ."

"ಕೊಡಲ್ಲ."

"ಇದೇನ್ ನಿನ್ನ ಮನೆಯಾ?"

"ನಾಲ್ಕು ಗಂಟೆವರೆಗೂ ನಿಮ್ದೂ ಅಲ್ಲ ಸಾರ್."

ಕೈ ಚಾಚಿದ. ಅಷ್ಟರಲ್ಲಿ ಚೂರುಬಟ್ಟೆಯ ಒಂದು ಮೂಟೆ ಅವನ ತಲೆಯ ಮೇಲೆ ಬೋರಲಾಯಿತು! ಹಿಂದೆ ಈಶ್ವರಮ್ಮ.

"ನಿಂತ್ಕೊಂಡು ಏನ್ ನೋಡ್ತೀಯೇ? ಓಡು!"

ಕ್ಯಾಮೆರಾ ಅಲ್ಲೇ ಬಿಟ್ಟೆ. ಫಿಲ್ಮಿನ ಚಪ್ಪಟೆ ಡಬ್ಬಿಯನ್ನು ಎದೆಗವಚಿಕೊಂಡು ಸ್ಕೂಟರ್ ಹತ್ತಿದೆ.

ನನಗೆ ಗೊತ್ತಿದ್ದಂತೆ ಆ ಅಳತೆಯ ಫಿಲ್ಮ್ ತೊಳೆಯುವವರು ಒಬ್ಬರೇ. ಭದ್ರಾವತಿಯ ವೆಂಕಟಾಚಲ. ಕಾರ್ಖಾನೆಯೊಂದರಲ್ಲಿ ಫೋಟೊಗ್ರಾಫರ್ ಆಗಿದ್ದು ರಿಟೈರ್ ಆದವರು.

ಬಿ.ಎಚ್. ರಸ್ತೆ. ಮಲವಗೊಪ್ಪ ದಾಟುವಾಗ ಪಕ್ಕಕ್ಕೆ ಬಂತು ಸುದರ್ಶನನ ಕಪ್ಪು ಥಾರ್ ಜೀಪು. ಕಿಟಕಿ ಇಳಿಯಿತು.

"ಮಗಳೇ, ಗಾಡಿ ನಿಲ್ಸು! ಮಾತಾಡೋಣ!"

"ಮಾತಾಡೋಕೆ ನಾಲ್ಕು ಗಂಟೆಗೆ ಟೈಮ್ ಕೊಟ್ಟಿದಾರೆ!"

ಒತ್ತಿದ. ಜೀಪಿನ ಮಗ್ಗುಲು ತಾಗಿ ನನ್ನ ಬಲಗನ್ನಡಿ ಚೂರಾಗಿ ಹಾರಿತು. ಸ್ಕೂಟರ್ ಮಣ್ಣಿಗಿಳಿಯಿತು, ಓಲಾಡಿತು, ಮತ್ತೆ ರಸ್ತೆಗೆ ಹತ್ತಿತು. ಎದುರಿಂದ ಲಾರಿ! ಅವನು ಬ್ರೇಕ್ ಒತ್ತಿದ. ನಾನು ಒತ್ತಲಿಲ್ಲ.

ಭದ್ರಾವತಿಯ ಹಳೇ ಕ್ವಾರ್ಟರ್ಸಿನ ಓಣಿಗಳಲ್ಲಿ ಥಾರ್ ಹಿಡಿಸುವುದಿಲ್ಲ. ಅಲ್ಲಿಗೆ ಏಳೆಂಟು ನಿಮಿಷ ಸಿಕ್ಕಿತು.

"ವಾಮ್ಮಾ" ಅಂತ ತಮ್ಮ ತಮಿಳಿನಲ್ಲಿ ಒಳಗೆ ಕರೆದರು ವೆಂಕಟಾಚಲ, ಲುಂಗಿ ಎತ್ತಿ ಕಟ್ಟುತ್ತಾ. "ಎನ್ನಾ ಇದು, ಮೈಯೆಲ್ಲಾ ಸುಣ್ಣ?"

"ಹಿಂದೆ ರೌಡಿ ಬರ್ತಿದಾನೆ ಸಾರ್. ಬೇಗ ತೊಳೀರಿ!"

"ಬರ್ಲಿ. ಫಿಲ್ಮಿಗೆ ಹದಿನೈದು ನಿಮಿಷ. ಅದು ಯಾವ ರೌಡಿ ಮಾತೂ ಕೇಳಲ್ಲ."

ಬಚ್ಚಲಮನೆಯೇ ಅವರ ಡಾರ್ಕ್‌ರೂಮು. ಚಿಲಕ ಹಾಕಿ ಲೈಟ್ ಆರಿಸಿದರು. ಕಣ್ಣಿಗೆ ಕೈ ಕಾಣದ ಕತ್ತಲು. ಟ್ರೇಯಲ್ಲಿ ನೀರಿನ ಮೆಲುದನಿ. ನಾಲ್ಕು ನಿಮಿಷ... ಐದು...

ಬಚ್ಚಲ ಬಾಗಿಲಿಗೆ ಗುದ್ದು ಬಿತ್ತು. ಸುದರ್ಶನ.

"ತೆಗಿಯೇ! ಇಲ್ಲಾಂದ್ರೆ ಒಡೀತೀನಿ!"

ಒಂದು ಗೆರೆ ಬೆಳಕು ಬಿದ್ದರೂ ಫಿಲ್ಮ್ ಹಾಳು. ಬೆನ್ನು ಬಾಗಿಲಿಗೆ ಕೊಟ್ಟು ಕಾಲು ಎದುರು ಗೋಡೆಗೆ ಒದ್ದು ಕೂತೆ. ಗುದ್ದಿದ. ಮತ್ತೆ ಗುದ್ದಿದ. ಬೆನ್ನುಮೂಳೆ ಲೆಕ್ಕಕ್ಕೆ ಸಿಗುವಷ್ಟು ನೋವು.

"ಆಯ್ತು! ಕರೆಂಟೇ ಕಿತ್ತಾಕ್ತೀನಿ! ಕತ್ತಲೇಲಿ ಅದ್ಹೆಂಗ್ ತೊಳೀತೀರೋ ನೋಡೇ ಬಿಡ್ತೀನಿ!"

ಫಟ್!

ಕತ್ತಲಲ್ಲೇ ವೆಂಕಟಾಚಲ ಕಿಸಕ್ಕನೆ ನಕ್ಕರು. "ಪಾವಂ, ಪಾಪ. ಫೋನ್ ಕಾಲದವನು."

ಅವನು ಕಿತ್ತ ಫ್ಯೂಸು ಬರೀ ಈ ಮನೆಯದ್ದಾಗಿರಲಿಲ್ಲ. ಇಡೀ ಸಾಲಿನದ್ದು! ಹನ್ನೊಂದು ಗಂಟೆಯ ಧಾರಾವಾಹಿ ನಡೆಯುತ್ತಿತ್ತು. ಎಂಟೂ ಮನೆಗಳ ಬಾಗಿಲು ಒಟ್ಟಿಗೆ ತೆರೆದ ಸದ್ದು ಕೇಳಿತು.

"ಫ್ಯೂಜ್ ತೀಸಿಂದಿ ಎವಡ್ರಾ?" ಫ್ಯೂಸ್ ಕಿತ್ತವನು ಯಾರೋ ಅಂತ ತೆಲುಗಿನಲ್ಲಿ ಒಬ್ಬಾಕೆಯ ಕೂಗು.

"ಇವ್ನೇ ಅಕ್ಕಾ! ಕನ್ನಡಕ ಬೇರೆ!"

"ಹಗಲು ಹೊತ್ತಲ್ಲೇ ಮನೆಗೆ ನುಗ್ತೀಯೇನೋ ಮುಂಡೇದೇ?"

"ಅಮ್ಮಾ, ನಾನು ಬಿಲ್ಡರ್ ಸುದರ್ಶನ..."

"ಯಾರಾದ್ರೇನೋ? ಮೊದ್ಲು ಫ್ಯೂಸ್ ಹಾಕು!"

ಹದಿನೈದು ನಿಮಿಷ ತುಂಬಿತು. ಬಾಗಿಲು ತೆಗೆದೆವು. ಓಣಿಯಲ್ಲಿ ಸುದರ್ಶನ ಇನ್ನೂ ನೆರೆಯವರ ಕೈಯಿಂದ ಬಿಡಿಸಿಕೊಂಡಿರಲಿಲ್ಲ. ನೆಗೆಟಿವ್ ಬೆಳಕಿಗೆ ಹಿಡಿದೆ. ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ... ಒಂದೊಂದು ಕಲ್ಲೂ ನಿಚ್ಚಳ.

ನಾಲ್ಕು ಗಂಟೆ. ಶಿವಮೊಗ್ಗ. ವೆಂಕಟಾಚಲ ಹಾಕಿಕೊಟ್ಟ ಪ್ರಿಂಟನ್ನು ಅಧಿಕಾರಿ ಭೂತಗನ್ನಡಿ ಹಿಡಿದು ನೋಡಿದರು. ನೆಗೆಟಿವ್ ನೋಡಿದರು. ಮತ್ತೆ ಪ್ರಿಂಟ್ ನೋಡಿದರು.

"ಇದು ಯಾವ್ದೋ ಬೇರೆ ಕಟ್ಟಡದ್ದು ಸಾರ್!" ವಕೀಲ ಎದ್ದ. "ಇದೇ ಮೂಲೆ ಅನ್ನೋಕೆ ಏನ್ ಸಾಕ್ಷಿ?"

"ಇಲ್ಲಿ ಮೀಸೆಯವರು ಒಬ್ರು ನಿಂತಿದಾರಲ್ಲ. ಯಾರಿವ್ರು?" ಅಂದರು ಅಧಿಕಾರಿ.

ತನ್ನ ಫೋಟೊ ನೋಡಲೆಂದೇ ಬಂದಿದ್ದ ಜಟ್ಟಪ್ಪ ಹಿಂದಿನ ಬೆಂಚಿನಿಂದ ತಟ್ಟನೆ ಎದ್ದ. ಮುಖ ತುಂಬಾ ಹೆಮ್ಮೆ.

"ನಾನೇ ಸಾರ್! ಇವತ್ ಬೆಳಗ್ಗೆ ತೆಗ್ದಿದ್ದು. ನಾನೇ ಒಡ್ದಿದ್ ಗೋಡೆ ಅದು!"

ಸುದರ್ಶನ ಹಣೆ ಚಚ್ಚಿಕೊಂಡ.

ಹತ್ತು ನಿಮಿಷದಲ್ಲಿ ಆದೇಶ ಬಂತು. ಕೋಣೆ ಮೂಲದ್ದೇ. ಹೊಲಿಗೆ ಶಾಲೆಗೆ ಹೊಸ ಕಟ್ಟಡದಲ್ಲಿ ಜಾಗ. ಈಶ್ವರಮ್ಮ ಅಳಲಿಲ್ಲ, ಕೈ ಮುಗಿಯಲಿಲ್ಲ. "ಕೆಳಗಡೆ ಮಹಡೀಲೇ ಕೊಡಿ ಸಾರ್, ಕಿಟಕಿ ಇರೋ ಕಡೆ. ಸೂಜಿಗೆ ದಾರ ಪೋಣಿಸೋಕೆ ಬೆಳಕು ಬೇಕು" ಅಂದರು. ಅದನ್ನೂ ಬರೆಸಿಕೊಂಡೇ ಎದ್ದರು.

ಮೆಟ್ಟಿಲ ಹತ್ತಿರ ಸುದರ್ಶನ ಅಡ್ಡ ನಿಂತ.

"ಗೆದ್ದೆ ಅನ್ಕೋಬೇಡ. ಕೋಟೆ ಹತ್ರ ಇನ್ನೂ ಮೂರು ಹಳೇ ಕಟ್ಟಡ ತಗೊಂಡಿದೀನಿ. ಅಲ್ಲಿ ನೋಡ್ಕೋತೀನಿ ನಿನ್ನ."

"ಬನ್ನಿ ಸಾರ್" ಅಂದೆ. "ಬರುವಾಗ ಜೆಸಿಬಿ ಮರೀಬೇಡಿ. ಪ್ಲಾಸ್ಟರ್ ಕೀಳೋಕೆ ನಂಗೆ ಪರ್ಮಿಷನ್ ಇಲ್ಲ."