ಸೇನಾಪತಿ ಶಾಲೆಯ ಸುಟ್ಟ ಕುರ್ಚಿ

ಬೀಗ ಹಾಕಿದಂತೆಯೇ ಇತ್ತು. ಕೀಲಿ ತಿರುಗಿಸಿ ಬಾಗಿಲು ತಳ್ಳಿದ ಹೆಡ್‌ಮೇಡಂ ಮೂಗಿಗೆ ಮೊದಲು ವಾಸನೆ ಬಡಿಯಿತು. ಆಮೇಲೆ ಕುರ್ಚಿ ಕಂಡಿತು.

ಅವರದೇ ಕುರ್ಚಿ. ಮೇಜಿನ ಹಿಂದೆ, ದಿನವೂ ಇರುವ ಜಾಗದಲ್ಲೇ ಇತ್ತು. ಬೆನ್ನಿನ ಹಲಗೆ ಅರ್ಧ ಉರಿದುಹೋಗಿತ್ತು. ಕೈಗಳು ಇದ್ದಿಲಾಗಿದ್ದವು. ಕೂರುವ ಜಾಗದಲ್ಲಿ ಕಪ್ಪು ತೂತು.

ಗೋಡೆಯ ಕಪ್ಪು ಹಲಗೆಯಲ್ಲಿ ನಿನ್ನೆಯ ಸೂಚನೆಗಳನ್ನು ಅಳಿಸಿ ಯಾರೋ ಸೊಟ್ಟ ಅಕ್ಷರಗಳಲ್ಲಿ ಒಂದೇ ಸಾಲು ಬರೆದಿದ್ದರು—

‘ಅವನ ಹೆಸರಿಗೆ ಕೈ ಹಾಕಿದರೆ ನಿಮಗೂ ಇದೇ ಗತಿ.’

ಹೆಡ್‌ಮೇಡಂ ಹಿಂದಕ್ಕೆ ಸರಿದರು. ಮೇಜು ಹಿಡಿಯಲು ಹೋದರು, ಕೈಗೆ ಅದರ ಮೇಲಿದ್ದ ದಿಂಬು ಸಿಕ್ಕಿತು. ಅದನ್ನೇ ಎದೆಗೆ ಅವಚಿಕೊಂಡು ಕೂಗಲು ಬಾಯಿ ತೆರೆದರು. ದನಿ ಹೊರಡಲಿಲ್ಲ.

ಹೆಡ್‌ಮೇಡಂದು ಗಂಡೆದೆ ಎಂದು ಊರೆಲ್ಲ ಹೇಳುತ್ತಿತ್ತು. ಊರಿಗೇನು ಗೊತ್ತು? ಕಿಟಕಿ ಕಿರುಗುಟ್ಟಿದರೆ ಎದ್ದು ದೀಪ ಹಾಕಿ ಕೂರುವ ಹೆಂಗಸು ಅವರು. ಗಂಡ ಹೋದ ಮೇಲೆ ಮನೆಯಲ್ಲಿ ಒಬ್ಬರೇ. ಶಾಲೆಯಲ್ಲಿ ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದದ್ದೇ ಒಳಗಿನ ಪುಕ್ಕಲುತನ ಯಾರಿಗೂ ಕೇಳದಿರಲಿ ಎಂದು.

ಸಂಜೆ ಸಭೆಯಿತ್ತು. ಶಾಲೆಗೆ ಸೇನಾಪತಿಯ ಹೆಸರು ಇರಬೇಕೋ ಬೇಡವೋ ಎಂದು ಅಂದು ತೀರ್ಮಾನವಾಗಬೇಕು. ಜಾಗ ಕೊಟ್ಟು, ಕಲ್ಲು ಹೊರಿಸಿ, ಊರಿಗೆ ಮೊದಲ ಶಾಲೆ ಕಟ್ಟಿಸಿದವನು ಆತ. ಸೈನ್ಯಕ್ಕೆ ಧಾನ್ಯ ಕೊಡದೆ ಬಚ್ಚಿಟ್ಟರೆಂದು ಹೊಳೆಕೇರಿಯನ್ನು ಮಲಗಿದ್ದವರ ಸಮೇತ ಸುಡಿಸಿದವನೂ ಆತನೇ. ಕೇರಿಯವರ ಮಕ್ಕಳು ಇಂದಿಗೂ ಅದೇ ಹೆಸರಿನ ಕಮಾನಿನ ಕೆಳಗೆ ಹಾದು ತರಗತಿಗೆ ಬರುತ್ತಾರೆ. ಸಮಿತಿಯಲ್ಲಿ ಅರ್ಧ ಜನ ಅತ್ತ, ಅರ್ಧ ಜನ ಇತ್ತ. ನಡುವೆ ಉಳಿದದ್ದು ಹೆಡ್‌ಮೇಡಂ ಮತ ಒಂದೇ.

ವಿಚಾರಣೆಗೆ ಬಂದ ಇನ್ಸ್‌ಪೆಕ್ಟರ್ ಎಡಗೆನ್ನೆ ಊದಿಕೊಂಡಿತ್ತು.

“ಹಲ್ಲುನೋವು. ಜಾಸ್ತಿ ಮಾತಾಡಕ್ಕಾಗಲ್ಲ, ನೀವೇ ಮಾತಾಡಿ,” ಎಂದವರು ಕುರ್ಚಿಯನ್ನು ಮೂಸಿದರು. ನೆಲ ನೋಡಿದರು. ತಲೆಯೆತ್ತಿ ಸೂರನ್ನೂ ನೋಡಿದರು. “ಸೀಮೆಎಣ್ಣೆ ಅಲ್ಲ, ಟರ್ಪೆಂಟೈನ್. ಯಾರ ಮೇಲಾದ್ರೂ ಅನುಮಾನ ಇದೆಯಾ?”

ಹೇಳಲು ಹೆಡ್‌ಮೇಡಂಗೆ ನಾಲಿಗೆ ಬರಲಿಲ್ಲ. ಊರಿಗೆ ಆಗಲೇ ಬಂದಿತ್ತು. ಹೋದ ಸಭೆಯಲ್ಲಿ ಮೀಸೆ ಯಜಮಾನರು ಎದ್ದು ನಿಂತು, “ನಿನ್ನ ಕುರ್ಚಿ ಎಷ್ಟು ದಿನ ಇರತ್ತೋ ನಾನೂ ನೋಡ್ತೀನಿ!” ಎಂದು ಮೇಜು ಗುದ್ದಿದ್ದು ಎಲ್ಲರ ಕಿವಿಯಲ್ಲೂ ಇತ್ತು. ಅವರು ಸೇನಾಪತಿಯ ಮರಿಮಗ. ಶಾಲೆಯ ಹಿಂದಿನ ರಸ್ತೆಯಲ್ಲೇ ಅವರ ಮನೆ, ಅದಕ್ಕೆ ಹೊಂದಿಕೊಂಡೇ ಮರದ ಕಾರ್ಖಾನೆ, ಅಲ್ಲಿ ಪಾಲಿಶ್ ಕೆಲಸಕ್ಕೆ ಟರ್ಪೆಂಟೈನ್ ಡಬ್ಬಗಟ್ಟಲೆ ಇರುತ್ತಿತ್ತು. ಇನ್ನೇನು ಬೇಕು? ಬೆಳಗಿನ ಗಂಟೆ ಹೊಡೆಯುವಷ್ಟರಲ್ಲಿ ಕಾರ್ಖಾನೆ ಮುಂದೆ ಜನ ಸೇರಿದ್ದರು. ಕಲ್ಲೂ ಬಿದ್ದಿತ್ತು. ಪೊಲೀಸರು ಯಜಮಾನರನ್ನು ಎಳೆದು ತಂದು ಶಾಲೆಯ ಲೈಬ್ರರಿಯಲ್ಲಿ ಕೂರಿಸಿದ್ದರು. ಅವರ ಹೆಂಡತಿ ಮಕ್ಕಳು ಮಾತ್ರ ಇನ್ನೂ ಆ ಮನೆಯೊಳಗೇ ಇದ್ದರು.

“ಈ ಕೋಣೆ ಕೀಲಿ ಯಾರ್ಯಾರ ಹತ್ರ ಇರುತ್ತೆ?”

“ನನ್ನ ಹತ್ರ ಒಂದು. ಇನ್ನೊಂದು ಸ್ಟಾಫ್ ರೂಮಿನ ಮೊಳೆಗೆ ನೇತಾಕಿರ್ತೀವಿ.”

“ಅಂದ್ರೆ ಊರಿಗೆಲ್ಲ ಒಂದು.” ಇನ್ಸ್‌ಪೆಕ್ಟರ್ ಕೆನ್ನೆ ಒತ್ತಿಕೊಂಡರು. “ನಿಮ್ಮ ಮತ ಯಾವ ಕಡೆ?”

“ಹೆಸರು ಇರಲಿ ಅಂತಾನೇ ಇದ್ದೆ. ಹಳೇ ಗಾಯ ಕೆದಕೋದು ಯಾಕೆ ಅಂತ.”

ಇನ್ಸ್‌ಪೆಕ್ಟರ್ ತಟ್ಟನೆ ತಿರುಗಿದರು. “ಇದು ಯಾರಿಗೆ ಗೊತ್ತು?”

“ನಿನ್ನೆ ಸಂಜೆ ಸ್ಟಾಫ್ ರೂಮಲ್ಲಿ ಬಾಯಿಬಿಟ್ಟೆ. ಆಚೆ ಹೋಗಿರಲಾರದು.” ಹೆಡ್‌ಮೇಡಂ ಹಲಗೆಯಿಂದ ಕಣ್ಣು ತೆಗೆದರು. “ಸರ್, ನಾನು ರಾಜೀನಾಮೆ ಕೊಡ್ತೀನಿ. ಹೆಸರು ಇಟ್ಕೊಳ್ಳಲಿ, ತೆಗೀಲಿ, ಏನು ಬೇಕಾದ್ರೂ ಮಾಡ್ಕೊಳ್ಳಲಿ. ಇವತ್ತು ಕುರ್ಚಿ. ನಾಳೆ ನಾನು ಮಲಗಿರೋ ಮನೆ ಅಲ್ವಾ?”

ಹೊರಗೆ ಯಾರೋ ಓಡಿದ ಸದ್ದಾಯಿತು. ಹೆಡ್‌ಮೇಡಂ ದಿಂಬನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಮೊದಲು ಕಾವಲುಗಾರ ಬಂದ. ವಯಸ್ಸಾಗಿತ್ತು, ಕಿವಿಯೂ ಅಷ್ಟಕ್ಕಷ್ಟೇ.

“ಏನಾದ್ರೂ ಸದ್ದು ಕೇಳಿಸ್ತಾ?”

“ಮುದ್ದು? ನನಗ್ಯಾಕೆ ಸ್ವಾಮಿ ಈ ವಯಸ್ಸಲ್ಲಿ?”

ಬೇರೆ ದಿನವಾಗಿದ್ದರೆ ಹೆಡ್‌ಮೇಡಂ ನಗುತ್ತಿದ್ದರು. ಇನ್ಸ್‌ಪೆಕ್ಟರ್ ಅವನ ಕಿವಿಯ ಹತ್ತಿರ ಬಾಗಿ ಕೇಳಿದ ಪ್ರಶ್ನೆಗೆ ತಲೆಬುಡವಿರಲಿಲ್ಲ. “ಈ ಸೇನಾಪತಿ ಎಷ್ಟು ಎತ್ತರ ಇದ್ದಿರಬಹುದಪ್ಪಾ?”

“ಅವರಾ? ಬಾಗಿಲಲ್ಲಿ ಬಗ್ಗಿ ಬರ್ತಿದ್ರಂತೆ. ಭಾರೀ ಆಳು.”

ಕಾವಲುಗಾರನನ್ನು ಕಳಿಸಿ ಇಬ್ಬರೂ ಲೈಬ್ರರಿಗೆ ಹೋದರು. ಮೀಸೆ ಯಜಮಾನರ ಹಣೆಯಲ್ಲಿ ಕಲ್ಲೇಟಿನ ಗಾಯವಿತ್ತು. ಹೆಡ್‌ಮೇಡಂ ಬಾಗಿಲಾಚೆಯೇ ನಿಂತರು. ಆ ಮೀಸೆ ಕಂಡರೇ ಅವರಿಗೆ ಮೈ ನಡುಗುತ್ತಿತ್ತು.

“ಕುರ್ಚಿ ಸುಟ್ಟಿದ್ದು ನೀವೇನಾ?”

“ಸುಡೋದಾದ್ರೆ ಹಗಲಲ್ಲೇ, ಎದುರಿಗೇ ಸುಡ್ತಿದ್ದೆ! ಕಳ್ಳನ ಥರ ಬರಕ್ಕೆ ನನಗೇನು ಬಂದಿದೆ?”

“ಸೇನಾಪತಿ ಎತ್ತರ ಎಷ್ಟಿತ್ತು?”

ಯಜಮಾನರು ಹುಬ್ಬು ಗಂಟಿಕ್ಕಿದರು. “ನಮ್ಮ ಮುತ್ತಜ್ಜನವರದ್ದಾ? ಅವರ ಕತ್ತಿ ಮನೇಲಿದೆ. ನನ್ನ ಎದೆ ಮಟ್ಟ ಬರುತ್ತೆ. ಲೆಕ್ಕ ಹಾಕ್ಕೊಳ್ಳಿ.” ಮರುಕ್ಷಣವೇ ಅವರ ದನಿ ಕುಸಿಯಿತು. “ಇನ್ಸ್‌ಪೆಕ್ಟ್ರೇ, ನನ್ನನ್ನ ಜೈಲಿಗೆ ಬೇಕಾದ್ರೆ ಹಾಕಿ. ಮನೇಲಿ ಚಿಕ್ಕ ಮಕ್ಕಳಿದಾವೆ. ಆ ಜನ ಬೆಂಕಿ ಇಟ್ಬಿಟ್ರೆ?”

ಆ ಮಾತಿಗೆ ಹೆಡ್‌ಮೇಡಂ ಕರುಳು ಚುರುಕ್ಕೆಂದಿತು. ಮೀಸೆಯ ಹಿಂದೆಯೂ ತನ್ನದೇ ಹೆದರಿಕೆ ಕೂತಿದೆಯಲ್ಲ!

ಕೋಣೆಗೆ ಮರಳಿದಾಗ ಡ್ರಾಯಿಂಗ್ ಮೇಷ್ಟ್ರು ಒಂದು ಸ್ಟೂಲನ್ನೂ ಇನ್ಸ್‌ಪೆಕ್ಟರಿಗೆ ಬಿಸಿನೀರನ್ನೂ ತಂದಿಟ್ಟು ಕಾಯುತ್ತಿದ್ದರು. ಸಣಕಲು ಆಳು. ಹೊಳೆಕೇರಿಯಿಂದ ಬಂದು ಇದೇ ಶಾಲೆಯಲ್ಲಿ ಓದಿದವರು, ಹೆಡ್‌ಮೇಡಂ ಕೈಯಲ್ಲೇ ಅಕ್ಷರ ತಿದ್ದಿದವರು. ಆಗಿನ ಅಡ್ಡಹೆಸರು ‘ಪೆನ್ಸಿಲ್’ ಮೇಷ್ಟ್ರಾದ ಮೇಲೂ ಹೋಗಿರಲಿಲ್ಲ.

“ಕೂತ್ಕೊಳ್ಳಿ ಮೇಡಂ. ಬರೀ ಸ್ಟೂಲ್ ಮೇಲೆ ಬೇಡ, ಸೊಂಟ ಹಿಡ್ಕೊಳ್ಳುತ್ತೆ. ದಿಂಬು ಹಾಕ್ಕೊಳ್ಳಿ. ಸದ್ಯ, ನಿಮ್ಮಮ್ಮ ಹೊಲಿದಿದ್ದಾದ್ರೂ ಉಳೀತು.”

“ನೀನೊಬ್ಬ ಇದೀಯಲ್ಲ ಪೆನ್ಸಿಲ್, ಅದೇ ಧೈರ್ಯ ಕಣೋ,” ಎಂದು ಹೆಡ್‌ಮೇಡಂ ಕಣ್ಣೊರೆಸಿಕೊಂಡರು.

ಇನ್ಸ್‌ಪೆಕ್ಟರ್ ಬಿಸಿನೀರು ಬಾಯಿಗೆ ಹಾಕಿ, ಮುಕ್ಕಳಿಸಿ, ಕಿಟಕಿಯಿಂದಾಚೆ ಉಗುಳಿ ಬಂದರು. “ಮೇಷ್ಟ್ರೇ, ನೀವು ಚಿತ್ರ ಬರೆಯೋರು. ಹಾಲ್‌ನಲ್ಲಿರೋ ಪಟ ನೋಡಿದ್ರೆ ಸೇನಾಪತಿ ಒಳ್ಳೇ ಎತ್ತರ ಇದ್ದಂಗಿದೆ?”

“ಎತ್ತರ? ಅವನು ಕುಳ್ಳ, ಸರ್. ಕುದುರೆ ಮೇಲೆ ಕೂರಿಸಿ ಎತ್ತರ ಮಾಡಿದ್ದಾರೆ.”

ಇನ್ಸ್‌ಪೆಕ್ಟರ್ ಎದ್ದು ಬಾಗಿಲು ಮುಂದೆ ಮಾಡಿದರು.

“ಮೇಡಂ, ಆ ಕಪ್ಪು ಹಲಗೆ ಇನ್ನೊಂದ್ಸಲ ಓದಿ. ಜೋರಾಗಿ.”

“‘ಅವನ ಹೆಸರಿಗೆ... ಕೈ ಹಾಕಿದರೆ... ನಿಮಗೂ ಇದೇ ಗತಿ.’”

“ಬೆದರಿಕೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನಿನ್ನ ಕೈ ಮುರೀತೀನಿ, ನಿನ್ನ ಮನೆ ಸುಡ್ತೀನಿ ಅಂತಾರೆ. ‘ನಿಮ್ಮ ಕೈ ಮುರೀತೀನಿ’ ಅಂತ ಮರ್ಯಾದೆ ಕೊಟ್ಟು ಇವತ್ತಿನವರೆಗೆ ಒಬ್ಬನೂ ಅಂದಿಲ್ಲ! ಯಜಮಾನ್ರು ಸಿಟ್ಟಲ್ಲಿ ಏನಂದ್ರು? ‘ನಿನ್ನ ಕುರ್ಚಿ’. ಅದೇ ಮುತ್ತಜ್ಜನ ಮಾತು ಬಂದ್ರೆ? ‘ಅವರು’. ಈ ಹಲಗೆ ನೋಡಿ, ಪೂರ್ತಿ ಉಲ್ಟಾ. ಸೇನಾಪತಿಗೆ ‘ಅವನು’. ನಿಮಗೆ ‘ನೀವು’. ಅವನ ಹೆಸರು ಉಳಿಸಕ್ಕೆ ಪ್ರಾಣ ಕೊಡೋರು ಅವನನ್ನ ಅವನು ಅಂತಾರಾ?”



“ಅಂದ್ರೆ... ಹೆಸರು ಬೇಡ ಅನ್ನೋರು?” ಹೆಡ್‌ಮೇಡಂ ದನಿ ಪಿಸುಗುಟ್ಟಿತು.

“ಹೌದು. ನೀವು ಹೆಸರು ಇರಲಿ ಅನ್ನೋರಿದ್ದೀರಿ ಅಂತ ನಿನ್ನೆ ಸಂಜೆ ಗೊತ್ತಾದೋರು. ಸೂರಲ್ಲಿ ಒಂದು ಚೂರು ಮಸಿ ಇಲ್ಲ, ನೋಡಿ. ಕುರ್ಚೀನ ಆಚೆ ತಗೊಂಡು ಹೋಗಿ ಸುಟ್ಟು, ಆರಿಸಿ, ತಂದು ಇಟ್ಟಿದ್ದಾರೆ. ಶಾಲೆಗೆ ಬೆಂಕಿ ತಗಲಬಾರದಲ್ಲ? ಟರ್ಪೆಂಟೈನ್ ಪಾಲಿಶ್‌ಗೆ ಮಾತ್ರ ಅಲ್ಲ, ಕುಂಚ ತೊಳೆಯಕ್ಕೂ ಬೇಕು. ಇಷ್ಟೂ ಇರಲಿ ಮೇಡಂ. ದೊಡ್ಡ ಸಾಕ್ಷಿ ಬೆಳಗಿಂದ ನಿಮ್ಮ ಕಂಕುಳಲ್ಲೇ ಇದೆ.”

ಹೆಡ್‌ಮೇಡಂ ತಮ್ಮ ಕಂಕುಳು ನೋಡಿಕೊಂಡರು. ದಿಂಬು.

“ಇದು ದಿನಾ ಎಲ್ಲಿರುತ್ತೆ?”

“ಕುರ್ಚಿ ಮೇಲೆ...”

“ಕುರ್ಚಿ ಸುಟ್ಟು ಇದ್ದಿಲಾಗಿದೆ. ಇದಕ್ಕೆ ಹೊಗೇನೂ ತಾಗಿಲ್ಲ. ಸುಡೋಕೆ ಮುಂಚೆ ಎತ್ತಿ ಮೇಜಿನ ಮೇಲೆ ಇಟ್ಟಿದ್ದಾರೆ. ನಿಮ್ಮಮ್ಮ ಹೊಲಿದಿದ್ದು, ನಿಮಗೆ ಸೊಂಟನೋವು ಅಂತ ಗೊತ್ತಿರೋ ಮನುಷ್ಯ.” ಇನ್ಸ್‌ಪೆಕ್ಟರ್ ಕೆನ್ನೆ ಹಿಡಿದುಕೊಂಡೇ ತಿರುಗಿದರು. “ಎತ್ತರ ಕೇಳಿದ್ದಕ್ಕೆ ಸೇನಾಪತೀನ ‘ಅವನು’ ಅಂದೋರು ನೀವೊಬ್ಬರೇ. ಅಲ್ವಾ ಮೇಷ್ಟ್ರೇ?”

ಪೆನ್ಸಿಲ್ ಮುಖದಲ್ಲಿ ರಕ್ತವೇ ಇರಲಿಲ್ಲ.

ಅಲ್ಲ ಅನ್ನು, ಬೇಗ ಅಲ್ಲ ಅನ್ನು ಎಂದು ಹೆಡ್‌ಮೇಡಂ ಮನಸ್ಸು ಬಡಿದುಕೊಂಡಿತು. ಪೆನ್ಸಿಲ್ ಅನ್ನಲಿಲ್ಲ.

“ಹೆದರಿಸಿದ್ರೆ ನಿಮಗೆ ಹಠ ಬರುತ್ತೆ ಅಂದ್ಕೊಂಡೆ ಮೇಡಂ. ಸಿಟ್ಟಲ್ಲಿ ಹೆಸರು ಕಿತ್ತು ಹಾಕ್ತೀರಿ ಅಂತ. ನೀವು ಯಾರಿಗೂ ಜಗ್ಗೋರಲ್ಲ ಅಂತ ಚಿಕ್ಕಂದಿನಿಂದ ನೋಡಿದೀನಿ. ನೀವು ಹೀಗೆ... ಹೀಗೆ ನಡುಗ್ತೀರಿ ಅಂತ ನನಗೆ ಗೊತ್ತೇ ಇರ್ಲಿಲ್ಲ.” ಮಾತು ಅಲ್ಲಿಗೆ ತುಂಡಾಯಿತು. “ನಮ್ಮಜ್ಜಿ ಸಾಯೋವರೆಗೂ ಒಲೆ ಹತ್ರ ಬೆನ್ನು ಹಾಕಿ ಕೂರ್ತಿರ್ಲಿಲ್ಲ. ಆ ಬೆಂಕೀಲಿ ಬದುಕುಳಿದ ಅವರಮ್ಮನಿಂದ ಬಂದ ಹೆದರಿಕೆ ಅದು. ಅದೇ ಹೆಸರಿನ ಕೆಳಗೆ ನಾನು ದಿನಾ ಬರ್ಬೇಕು ಮೇಡಂ. ನೀವೂ ಇರಲಿ ಅಂದ್ರಿ.”

ಹೆಡ್‌ಮೇಡಂ ಬಹಳ ಹೊತ್ತು ಸುಟ್ಟ ಕುರ್ಚಿಯನ್ನೇ ನೋಡಿದರು. ಆಮೇಲೆ ಎದ್ದರು.

“ಅಲ್ಲಿ ಒಂದು ಮನೇಲಿ ಮಕ್ಕಳು ಬಾಗಿಲು ಹಾಕ್ಕೊಂಡು ಕೂತಿದಾವೆ, ಮೇಷ್ಟ್ರೇ. ನೀವು ಸಂಜೆ ಸಭೆಗೆ ಬನ್ನಿ. ಎಲ್ಲರ ಎದುರಿಗೆ ನೀವೇ ಹೇಳಿ.”

ಪೆನ್ಸಿಲ್ ಮುಖಕ್ಕೆ ಹೊಡೆದಂತಾಯಿತು. “ಮೇಡಂ, ಬೈಯ್ರಿ. ಹೊಡೀರಿ. ನೀವು ಅಂತ ಮಾತ್ರ ಅನ್ಬೇಡಿ.”

“ನಿಮ್ಮ ಹತ್ರ ಇನ್ನೇನೂ ಮಾತಿಲ್ಲ.”

ನಿಜ ಗೊತ್ತಾದ ಕೂಡಲೇ ಇನ್ಸ್‌ಪೆಕ್ಟರ್ ಕಾರ್ಖಾನೆ ಮುಂದಿನ ಜನವನ್ನು ಚದುರಿಸಿದರು. ಸಂಜೆ ಹಾಲ್ ಕಿಕ್ಕಿರಿದಿತ್ತು. ಪೆನ್ಸಿಲ್ ವೇದಿಕೆಯ ಕೆಳಗೆ ನಿಂತು ಎಲ್ಲವನ್ನೂ ಹೇಳಿದರು. ಒಂದು ಕಡೆಯಿಂದ ಬೈಗುಳ ಎದ್ದಿತು. ಹೊಳೆಕೇರಿಯವರು ತಲೆತಗ್ಗಿಸಿದರು. ಹೆಸರು ಉಳಿಯಿತು, ಗೆದ್ದೆವೆಂದು ಯಾರೋ ಆಗಲೇ ಚಪ್ಪಾಳೆ ಶುರುಮಾಡಿದ್ದರು.

ಹೆಡ್‌ಮೇಡಂ ಮೈಕ್ ಮುಂದೆ ಬಂದರು. ಕೈಯಲ್ಲಿ ಇನ್ನೂ ದಿಂಬಿತ್ತು, ಅದರ ಮೇಲೆ ಅವರಿಗೇ ಗಮನವಿರಲಿಲ್ಲ.

“ನನಗೆ ಬೆಳಗಿಂದ ಹೆದರಿಕೆ. ಈಗಲೂ ಕಾಲು ನಡುಗ್ತಿದೆ. ನನಗೆ ಧೈರ್ಯ ಜಾಸ್ತಿ ಅಂತೀರಲ್ಲ, ಸುಳ್ಳು. ಒಂದು ಕುರ್ಚಿ ಸುಟ್ಟಿದ್ದಕ್ಕೆ ನಾನು ಊರು ಬಿಟ್ಟು ಓಡಿಹೋಗೋಳಿದ್ದೆ. ಅದರಲ್ಲಿ ಯಾರೂ ಕೂತಿರ್ಲಿಲ್ಲ.” ಅವರ ದನಿ ಒಡೆಯಿತು. “ಆ ಕೇರೀಲಿ ಜನ ಮಲಗಿದ್ರು. ಹಳೇ ಗಾಯ ಕೆದಕಬಾರದು ಅಂತಿದ್ದೆ. ಹಳೇದು ಅಂತ ನಾನ್ಯಾರು ಹೇಳಕ್ಕೆ? ಬೆದರಿಸಿದವರಿಗೆ ಕಾನೂನು ಏನು ಮಾಡುತ್ತೋ ಮಾಡಲಿ, ನಾನು ಅಡ್ಡ ಬರಲ್ಲ. ನನ್ನ ಮತ, ಆ ಹೆಸರು ಬೇಡ.”

ಚಪ್ಪಾಳೆ ನಿಂತಿತು. ಮೀಸೆ ಯಜಮಾನರು ಎದ್ದು ಹೊರಟವರು ವೇದಿಕೆಯ ಬಳಿ ತಡೆದರು. ಹಣೆಯ ಪಟ್ಟಿಯ ಮೇಲೆ ರಕ್ತ ಒಸರಿತ್ತು.

“ನನ್ನ ಮತ ನಿಮಗೆ ವಿರುದ್ಧವೇ, ಮೇಡಂ. ಸಾಯೋವರೆಗೂ. ಆದ್ರೆ ಅವತ್ತು ಕುರ್ಚಿ ಬಗ್ಗೆ ಅಂದ ಮಾತು ವಾಪಸ್ ತಗೊಂಡೆ.”

ಹೊರಗೆ ಜೀಪು ಕಾಯುತ್ತಿತ್ತು. ಇನ್ಸ್‌ಪೆಕ್ಟರ್ ಕೆನ್ನೆಗೆ ಕೈಕೊಟ್ಟು ಮುಂದೆ ಕೂತಿದ್ದರು. ಪೆನ್ಸಿಲ್ ಹಿಂದಿನ ಸೀಟು ಹತ್ತಿ, ಕಮಾನಿನ ಕಡೆ ಒಮ್ಮೆ ನೋಡಿ, ತಲೆ ಕೆಳಗೆ ಹಾಕಿದರು. ಹೆಡ್‌ಮೇಡಂ ಮೆಟ್ಟಿಲಿಳಿದು ಬಂದರು. ಏನೂ ಮಾತಾಡಬಾರದೆಂದೇ ಬಂದಿದ್ದರು.

ಜೀಪು ಗುರುಗುಟ್ಟಿತು.

“ಬೆಳಗಿಂದ ಏನಾದ್ರೂ ತಿಂದ್ಯೇನೋ?” ಎಂದರು.

ಪೆನ್ಸಿಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಇಲ್ಲವೆಂದು ತಲೆಯಾಡಿಸಿದರು.